ಒಂದು ಕೋಣೆಯಲ್ಲಿ 1, ಪಕ್ಕದ ಕೋಣೆಯಲ್ಲಿ 5: ಜಡ್ಜ್ ಏನು ನೋಡುತ್ತಾರೆ?

ಓದುಗರ ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗಳು ಹತ್ತನೇ ಕ್ಲಾಸು. ಶಾಲೆಯ ಸ್ಪೀಚ್ ಅಂಡ್ ಡಿಬೇಟ್ ತಂಡದಲ್ಲಿ ಡ್ರಾಮ್ಯಾಟಿಕ್ ಇಂಟರ್‌ಪ್ರಿಟೇಶನ್ (ಒಂದು ಕೃತಿಯ ಭಾಗವನ್ನು ಒಬ್ಬರೇ ಅಭಿನಯಿಸುವ ಸ್ಪರ್ಧೆ, ಇವರೆಲ್ಲ ಡಿಐ ಅನ್ನುತ್ತಾರೆ) ಮಾಡುತ್ತಾಳೆ, ಜೊತೆಗೆ ಒರಿಜಿನಲ್ ಒರೇಟರಿಯನ್ನೂ (ತಾನೇ ಬರೆದ ಭಾಷಣ). ಕಳೆದ ಟೂರ್ನಮೆಂಟಿನಲ್ಲಿ ಡಿಐಗೆ ಮೂರು ಸುತ್ತಿನಲ್ಲಿ 1, 5, 2 ಬಂತು (1 ಅಂದರೆ ಕೋಣೆಗೆ ಮೊದಲ ಸ್ಥಾನ). ಒರೇಟರಿಗೆ 3, 4, 3. ಎರಡರಲ್ಲೂ ಫೈನಲ್ ಸಿಗಲಿಲ್ಲ. ಅವಳ ಡಿಐ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ ಹುಡುಗಿಯ ಕಥೆ. 1 ಕೊಟ್ಟವರು ‘ಕಣ್ಣಲ್ಲಿ ನೀರು ಬಂತು’ ಎಂದು ಬರೆದಿದ್ದಾರೆ. 5 ಕೊಟ್ಟವರು ‘ತುಂಬಾ ಜೋರು, ನಂಬಲಾಗಲಿಲ್ಲ’ ಅಂದಿದ್ದಾರೆ. ನಾನು ಧಾರವಾಡದಲ್ಲಿ ಓದುವಾಗ ಏಕಪಾತ್ರಾಭಿನಯದಲ್ಲಿ ಬಹುಮಾನ ತಗೊಂಡವಳು, ಮನೆಯಲ್ಲಿ ನಾನೇ ತಾಲೀಮು ಮಾಡಿಸುತ್ತೇನೆ. ಆದರೂ ಇಲ್ಲಿನ ಲೆಕ್ಕ ತಲೆಗೆ ಹತ್ತುತ್ತಿಲ್ಲ. ಬೇರೆ ತಾಯಂದಿರು ಮೂರು ಮಾತು ಹೇಳುತ್ತಾರೆ: ಸಾವು, ಅತ್ಯಾಚಾರದಂಥ ಕಥೆ ಇಲ್ಲದೆ ಡಿಐ ಗೆಲ್ಲಲ್ಲ, ನಿಜವಾಗಿ ಅಳಲೇಬೇಕು, ನಮ್ಮ ಮಕ್ಕಳಿಗೆ ಬಣ್ಣ, ಹೆಸರು ನೋಡಿ ಕೆಳಗೆ ಹಾಕುತ್ತಾರೆ. ಇದರಲ್ಲಿ ಎಷ್ಟು ನಿಜ? ಪೀಸ್ (ಅಭಿನಯಿಸುವ ಕಥೆ) ಬದಲಾಯಿಸಬೇಕಾ? ಒಂದು ಕನ್ನಡ ಕಥೆಯನ್ನು ನಾನೇ ಇಂಗ್ಲಿಷಿಗೆ ಮಾಡಿಕೊಡಬಹುದಾ? ಖಾಸಗಿ ಕೋಚ್ ಇಡಬೇಕಾ? ಸಾಲದ್ದಕ್ಕೆ ಮುಂದಿನ ತಿಂಗಳು ನನ್ನನ್ನೇ ಜಡ್ಜ್ ಆಗಿ ಬರಲು ಶಾಲೆಯವರು ಕೇಳಿದ್ದಾರೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಾಲು ಅಂಕಿಗಳಿವೆ. 1, 5, 2 ನೋಡಿ ಗಾಬರಿಯಾಗಿದ್ದೀರಿ, 3, 4, 3ರ ಬಗ್ಗೆ ಒಂದು ವಾಕ್ಯ ಬರೆದು ಮುಂದೆ ಹೋಗಿದ್ದೀರಿ. ನನ್ನ ಲೆಕ್ಕದಲ್ಲಿ ಚಿಂತೆ ತಿರುವುಮುರುವಾಗಿದೆ. ಮೊದಲನೆಯದನ್ನು ಸರಿಪಡಿಸಲು ಎರಡು ವಾರ ಸಾಕು. ಎರಡನೆಯದಕ್ಕೆ ಭಾಷಣವನ್ನು ಬುಡದಿಂದ ಮತ್ತೆ ಬರೆಯಬೇಕಾಗಬಹುದು.

ಊರಿನ ಏಕಪಾತ್ರಾಭಿನಯದಲ್ಲಿ ತೀರ್ಪುಗಾರರ ಕೈಯಲ್ಲಿ ಅಂಕಪಟ್ಟಿ ಇರುತ್ತದೆ. ಅಭಿನಯಕ್ಕಿಷ್ಟು, ಉಚ್ಚಾರಕ್ಕಿಷ್ಟು, ವೇಷಕ್ಕಿಷ್ಟು ಎಂದು ಕೂಡಿಸುತ್ತಾರೆ. ಇಲ್ಲಿ ಪ್ರಿಲಿಮ್ಸ್, ಅಂದರೆ ಫೈನಲ್‌ಗೆ ಮುಂಚಿನ ಸುತ್ತುಗಳ ಜಡ್ಜ್ ಮಾಡುವುದು ಸಾಲಾಗಿ ನಿಲ್ಲಿಸುವ ಕೆಲಸ. ಕೋಣೆಗೆ ಸಾಮಾನ್ಯವಾಗಿ ಐದರಿಂದ ಏಳು ಮಕ್ಕಳು. ಒಬ್ಬರಿಗೆ 1, ಒಬ್ಬರಿಗೆ 2, ಹೀಗೇ ಕೊನೆಯವರೆಗೆ. ಇಬ್ಬರನ್ನು ಒಂದೇ ಸ್ಥಾನದಲ್ಲಿ ಕೂರಿಸುವಂತಿಲ್ಲ. ಹಾಗಾಗಿ 5 ಬಂದ ಮಾತ್ರಕ್ಕೆ ಅಭಿನಯ ಕೆಟ್ಟಿತ್ತು ಎಂದು ಹೇಳಲಾಗದು. ಆ ಕೋಣೆಯಲ್ಲಿ ಆ ಒಬ್ಬ ಜಡ್ಜ್‌ಗೆ ಇನ್ನು ನಾಲ್ವರು ಹೆಚ್ಚು ಹಿಡಿಸಿದರು, ಅಷ್ಟೇ. ಪಕ್ಕದ ಕೋಣೆಯಲ್ಲಿ ಅದೇ ಅಭಿನಯಕ್ಕೆ 2 ಬರಬಹುದಿತ್ತು.

ಸ್ವಲ್ಪ ಲೆಕ್ಕ ಹಾಕೋಣ. ಆರು ಮಕ್ಕಳ ಕೋಣೆಯಲ್ಲಿ ಸರಾಸರಿ ರ್ಯಾಂಕ್ 3.5, ಮೂರು ಸುತ್ತಿಗೆ 10.5. ಮಗಳ ಡಿಐ ಮೊತ್ತ 8. ಸರಾಸರಿಗಿಂತ ಚೆನ್ನಾಗಿಯೇ ಇದೆ. ಆದರೆ 36 ಮಕ್ಕಳಲ್ಲಿ ಆರು ಜನ ಫೈನಲ್‌ಗೆ ಹೋಗುವ ಕಡೆ ಸಾಮಾನ್ಯವಾಗಿ 6, 7ರೊಳಗೆ ಇರಬೇಕಾಗುತ್ತದೆ. ಆ 5ರ ಜಾಗದಲ್ಲಿ 3 ಬಂದಿದ್ದರೆ ಮೊತ್ತ 6 ಆಗುತ್ತಿತ್ತು. ಒರೇಟರಿಯ ಮೊತ್ತ 10, ಅಂದರೆ ಸರಾಸರಿಯ ಮಗ್ಗುಲಲ್ಲೇ ಕೂತಿದೆ. ಇನ್ನೊಂದು ಸೂಕ್ಷ್ಮ: ಇನ್ನೊಬ್ಬ ಹುಡುಗನಿಗೆ 3, 2, 3 ಬಂದಿದೆ ಅಂದುಕೊಳ್ಳಿ. ಅವನದೂ 8. ಮೊತ್ತ ಸಮವಾದಾಗ ಹಲವು ಟೂರ್ನಮೆಂಟ್‌ಗಳಲ್ಲಿ ಟ್ಯಾಬ್ ರೂಮಿನವರು (ಫಲಿತಾಂಶದ ಲೆಕ್ಕ ಹಾಕುವವರು) ರೆಸಿಪ್ರೊಕಲ್ ನೋಡುತ್ತಾರೆ, ಅಂದರೆ ರ್ಯಾಂಕನ್ನು ತಿರುಗಿಸಿ ಕೂಡುತ್ತಾರೆ. ಮಗಳದು 1 + 1/5 + 1/2, ಒಟ್ಟು 1.7. ಅವನದು 1/3 + 1/2 + 1/3, ಸುಮಾರು 1.17. ಮಗಳು ಮುಂದೆ. ಎಲ್ಲ ಕಡೆ ಹುಷಾರಾಗಿ ಮೂರನೆಯವರಾದವರಿಗಿಂತ ಒಂದು ಕೋಣೆಯನ್ನಾದರೂ ಪೂರ್ತಿ ಗೆದ್ದವರ ಕಡೆಗೆ ಈ ಪದ್ಧತಿ ತುಸು ವಾಲುತ್ತದೆ. ಒಬ್ಬ ಅಪರಿಚಿತ ಜಡ್ಜ್ ಆರು ಮಕ್ಕಳಲ್ಲಿ ಅವಳನ್ನು ಆರಿಸಿ 1 ಬರೆದರು ಎಂದರೆ ಪೀಸ್‌ನಲ್ಲಿ ಜೀವ ಇದೆ. ಈಗ ಕೇಳಬೇಕಾದ್ದು, ಅದು ಇನ್ನೊಂದು ಕೋಣೆಯಲ್ಲಿ ಯಾಕೆ ದಾಟಲಿಲ್ಲ ಎನ್ನುವುದನ್ನು.

ಇಲ್ಲಿ ನಿಮ್ಮ ಧಾರವಾಡದ ಅನುಭವದ ಬಗ್ಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಾಟ್ಯಶಾಸ್ತ್ರ ಹೇಳುವ ನಾಲ್ಕು ಅಭಿನಯಗಳಲ್ಲಿ ಡಿಐ ಆಹಾರ್ಯವನ್ನು ಬೇರುಸಹಿತ ಕಿತ್ತುಹಾಕಿದೆ. ವೇಷವಿಲ್ಲ, ಬಣ್ಣವಿಲ್ಲ, ಕೈಯಲ್ಲಿ ಹಿಡಿಯಲು ಒಂದು ಕರವಸ್ತ್ರವೂ ಇಲ್ಲ, ಸ್ಕ್ರಿಪ್ಟ್ ಸಹ ಇಲ್ಲ. ಮೈಮೇಲೆ ಕೋಟು, ಪ್ಯಾಂಟು. ಎಲ್ಲರೂ ಬ್ಯಾಂಕಿನ ಇಂಟರ್‌ವ್ಯೂಗೆ ಬಂದವರ ಹಾಗೆ ಕಾಣುತ್ತಾರೆ. ವೇದಿಕೆ ಎಂದರೆ ಒಂದು ಕ್ಲಾಸ್‌ರೂಮು. ಜಡ್ಜ್ ಕೂತಿರುವುದು ಹತ್ತು ಅಡಿ ದೂರದ ಡೆಸ್ಕಿನಲ್ಲಿ. ನಮ್ಮಲ್ಲಿ ಇದಕ್ಕೆ ಹತ್ತಿರದ ನಂಟು ತಾಳಮದ್ದಳೆ. ಕಿರೀಟ, ಗೆಜ್ಜೆ ಏನೂ ಇಲ್ಲದೆ ಕೂತಲ್ಲೇ ಅರ್ಥಧಾರಿ ಮಾತಿನಲ್ಲಿ ಕರ್ಣನನ್ನು ತಂದು ನಿಲ್ಲಿಸುತ್ತಾರಲ್ಲ, ಹಾಗೆ. ಒಂದೇ ಉಸಿರಿನಲ್ಲಿ ಎರಡು ಮೂರು ಪಾತ್ರ ಬದಲಾಗುವುದು ಹರಿಕಥೆ ದಾಸರ ಕೈಚಳಕ. ಕಾಲೇಜಿನ ಸಭಾಂಗಣದ ಏಕಪಾತ್ರಾಭಿನಯ ಮಾತ್ರ ದೂರದ ಸಂಬಂಧಿ. ಅಲ್ಲಿ ಹಿಂದಿನ ಬೆಂಚಿನವರಿಗೆ ಮುಟ್ಟುವ ದನಿ, ದೂರಕ್ಕೆ ಕಾಣುವ ಕೈ ಬೀಸು ಇಲ್ಲಿ ಹತ್ತು ಅಡಿಯಲ್ಲಿ ಕಿರುಚಾಟವಾಗುತ್ತದೆ. ಆ ‘ತುಂಬಾ ಜೋರು’ ನಿಮ್ಮ ಮನೆಯ ತಾಲೀಮಿನಿಂದಲೇ ಹೋಗಿರಬಹುದೇ ಎಂದು ಒಮ್ಮೆ ನೋಡಿಕೊಳ್ಳಿ. ಪರೀಕ್ಷೆ ಸುಲಭ: ಊಟದ ಮೇಜಿನ ಆಚೆ ಕೂತು ಕೇಳಿ. ನೀವು ಕುರ್ಚಿಯಲ್ಲಿ ಹಿಂದಕ್ಕೆ ಒರಗುವ ಜಾಗ ಯಾವುದೋ ಅಲ್ಲೆಲ್ಲ ದನಿ ಇಳಿಸಬೇಕು.

ಇನ್ನು ನಿಯಮ. ಈ ಸ್ಪರ್ಧೆಗಳ ದೊಡ್ಡ ಸಂಸ್ಥೆ ನ್ಯಾಷನಲ್ ಸ್ಪೀಚ್ ಅಂಡ್ ಡಿಬೇಟ್ ಅಸೋಸಿಯೇಶನ್. 1925ರಲ್ಲಿ ವಿಸ್ಕಾನ್ಸಿನ್ ರಾಜ್ಯದ ರಿಪನ್ ಕಾಲೇಜಿನಲ್ಲಿ ನ್ಯಾಷನಲ್ ಫೊರೆನ್ಸಿಕ್ ಲೀಗ್ ಎಂದು ಹುಟ್ಟಿ, 2014ರಲ್ಲಿ ಈ ಹೆಸರಿಗೆ ಬದಲಾಯಿತು. ಅದರ ನಿಯಮದಲ್ಲಿ ಡಿಐಗೆ 10 ನಿಮಿಷ, ಮೇಲೆ 30 ಸೆಕೆಂಡ್ ವಿನಾಯಿತಿ. 10:30 ದಾಟಿದರೆ ಆ ಕೋಣೆಯಲ್ಲಿ 1 ಕೊಡುವಂತಿಲ್ಲ. 2 ಕೊಡಬೇಕೋ 6 ಕೊಡಬೇಕೋ ಜಡ್ಜ್ ವಿವೇಚನೆ. ಕನಿಷ್ಠ ಸಮಯದ ಕಟ್ಟು ಇಲ್ಲ. ಸ್ಥಳೀಯ ಲೀಗುಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇರುತ್ತದೆ, ಟೂರ್ನಮೆಂಟಿನ ಆಹ್ವಾನಪತ್ರ ಓದಿಕೊಳ್ಳಿ. ಮನೆಯಲ್ಲಿ 10:00ಕ್ಕೆ ಮುಗಿಯುವ ಪೀಸ್ ಕೋಣೆಯಲ್ಲಿ 10:25 ಆಗುವುದು ಮಾಮೂಲು, ಯಾಕೆಂದರೆ ಎದುರಿಗೆ ಜನ ಇದ್ದಾಗ ಮೌನಗಳು ಉದ್ದವಾಗುತ್ತವೆ. ತಾಲೀಮಿನಲ್ಲಿ 9:30 ಇರಲಿ. ಪದಗಳ ಲೆಕ್ಕದಲ್ಲಿ ಮೌನ ಸೇರಿ 1,100ರಿಂದ 1,300 ಇಂಗ್ಲಿಷ್ ಪದಗಳ ಕಟಿಂಗ್ (ಕೃತಿಯಿಂದ ಕತ್ತರಿಸಿ ತೆಗೆದ ಭಾಗ) ಸರಿಹೋಗುತ್ತದೆ. 1,500 ಇದ್ದರೆ ಹುಡುಗಿ ಓಡುತ್ತಿದ್ದಾಳೆ ಎಂದೇ ಅರ್ಥ.

ಜಡ್ಜ್ ಕಣ್ಣಿಗೆ ಮೊದಲು ಬೀಳುವುದು ಅಭಿನಯ ಎಂದು ಮಕ್ಕಳು ನಂಬುತ್ತಾರೆ. ನಿಜವಾಗಿ ಮೊದಲು ಬೀಳುವುದು ಕಟಿಂಗ್. ಇಡೀ ಕೃತಿಯಿಂದ ಹತ್ತು ನಿಮಿಷ ಕತ್ತರಿಸಿ ತೆಗೆದದ್ದು ತಾನೇ? ಶುರುವಿನ ಒಂದು, ಒಂದೂವರೆ ನಿಮಿಷ ಟೀಸರ್, ಅಂದರೆ ಕಥೆಯೊಳಕ್ಕೆ ಎಳೆಯುವ ತುಣುಕು. ಆಮೇಲೆ ಹುಡುಗಿ ಪಾತ್ರದಿಂದ ಹೊರಬಂದು, ತಾನಾಗಿಯೇ ಜಡ್ಜ್ ಮುಖ ನೋಡಿ ಮುಕ್ಕಾಲು ನಿಮಿಷ ಇಂಟ್ರೊ ಹೇಳುತ್ತಾಳೆ. ಅದರಲ್ಲಿ ಕೃತಿ ಮತ್ತು ಲೇಖಕರ ಹೆಸರು ಬರಲೇಬೇಕು. ಆಮೇಲೆ ಕಥೆ ಏರುತ್ತ ಎಂಟನೇ ನಿಮಿಷದ ಹತ್ತಿರ ತುದಿ ಮುಟ್ಟಿ ಇಳಿಯುತ್ತದೆ. ಟೀಸರ್ ಮುಗಿಯುವಷ್ಟರಲ್ಲಿ ಜಡ್ಜ್‌ಗೆ ಮೂರು ವಿಷಯ ಗೊತ್ತಾಗಬೇಕು: ಇವಳು ಯಾರು, ಎಲ್ಲಿದ್ದಾಳೆ, ಯಾರ ಜೊತೆ ಮಾತಾಡುತ್ತಿದ್ದಾಳೆ. ಇದರಲ್ಲಿ ಒಂದು ತಪ್ಪಿದರೂ ಜಡ್ಜ್ ಮುಂದಿನ ಎರಡು ನಿಮಿಷ ಒಗಟು ಬಿಡಿಸುತ್ತಾ ಕೂರುತ್ತಾರೆ, ಹುಡುಗಿ ಅಷ್ಟರಲ್ಲಿ ಅಳುತ್ತಿರುತ್ತಾಳೆ. ಕಟಿಂಗ್ ಮಾಡುವಾಗ ಎಲ್ಲರೂ ಮಾಡುವ ತಪ್ಪು, ಒಳ್ಳೊಳ್ಳೆಯ ಸಂಕಟದ ಸಾಲುಗಳನ್ನೆಲ್ಲ ಉಳಿಸಿಕೊಂಡು ಸಾಧಾರಣ ಸಾಲುಗಳನ್ನು ಹೊಡೆದುಹಾಕುವುದು. ತಾಯಿ ಕಾಫಿಗೆ ಸಕ್ಕರೆ ಕಡಿಮೆ ಆಯ್ತು ಎಂದು ಗೊಣಗುವ ಸಾಲು ಕತ್ತರಿಸಿದರೆ, ಆಮೇಲೆ ಆ ತಾಯಿ ಹಾಸಿಗೆ ಹಿಡಿದಾಗ ನಮಗೆ ಕಳೆದುಕೊಳ್ಳಲು ಏನೂ ಇರುವುದಿಲ್ಲ.

ನಿಮ್ಮ ಮಗಳ ಪೀಸ್‌ನಂಥ ಒಂದು ಸನ್ನಿವೇಶವನ್ನೇ ಹತ್ತಿರದಿಂದ ನೋಡೋಣ. ಹುಡುಗಿ ಆಸ್ಪತ್ರೆಯ ವಾರ್ಡಿನಲ್ಲಿ ತಾಯಿಗೆ ಹೇಳುತ್ತಾಳೆ: ‘ಅಮ್ಮ, ಕನ್ನಡಕ ಬ್ಯಾಗಿನ ಸೈಡ್ ಜೇಬಲ್ಲಿದೆ.’ ಇದನ್ನು ಬಿಕ್ಕುತ್ತ ಹೇಳಿದರೆ ಜಡ್ಜ್‌ಗೆ ಸಿಗುವ ಸುದ್ದಿ ಒಂದೇ, ಹುಡುಗಿಗೆ ದುಃಖವಾಗಿದೆ. ಅದು ಇಂಟ್ರೊದಲ್ಲೇ ಗೊತ್ತಾಗಿತ್ತು. ಈಗ ಅವಳು ತಾಯಿಯ ಮುಖ ನೋಡದೆ, ಜಿಪ್ ಎಳೆಯುತ್ತಾ, ಮನೆಯ ಮಾಮೂಲಿ ದನಿಯಲ್ಲಿ ಹೇಳಲಿ, ‘ಸೈಡ್ ಜೇಬಲ್ಲಿ’ ಎನ್ನುವ ಹೊತ್ತಿಗೆ ಜಿಪ್ ಮೇಲಿನ ಕೈ ನಿಲ್ಲಲಿ, ಒಂದೂವರೆ ಸೆಕೆಂಡ್, ಆಮೇಲೆ ಜಿಪ್ ಹಾಕಿ ತಲೆ ಎತ್ತಲಿ. ತಾಯಿ ಇನ್ನು ಆ ಕನ್ನಡಕ ಹಾಕಿಕೊಳ್ಳುವುದಿಲ್ಲ ಎಂದು ಅವಳಿಗೆ ಹೊಳೆದದ್ದನ್ನು ಜಡ್ಜ್ ತಾವೇ ಕಂಡುಹಿಡಿಯುತ್ತಾರೆ. ತಾವು ಕಂಡುಹಿಡಿದದ್ದನ್ನು ಜಡ್ಜ್ ನಂಬುತ್ತಾರೆ. ಮುಖಕ್ಕೆ ಹಿಡಿದು ತೋರಿಸಿದ್ದನ್ನು ಅಳೆಯಲು ಶುರು ಮಾಡುತ್ತಾರೆ. ‘ನಂಬಲಾಗಲಿಲ್ಲ’ ಎಂಬ ಟಿಪ್ಪಣಿಯ ಹಿಂದೆ ನೂರಕ್ಕೆ ತೊಂಬತ್ತು ಸಲ ಇರುವುದು ಇದೇ.

ಕೈಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇಲ್ಲದ ವಸ್ತುವನ್ನು ಹಿಡಿಯುವಾಗ ಅದಕ್ಕೆ ಗಾತ್ರ, ತೂಕ, ಇಡುವ ಜಾಗ ಮೂರೂ ಇರಬೇಕು. ಬ್ಯಾಗನ್ನು ಸೊಂಟದ ಎತ್ತರದ ಮೇಜಿನ ಮೇಲಿಟ್ಟವಳು ಮುಂದಿನ ಸಲ ಮೊಣಕಾಲಿನ ಹತ್ತಿರದಿಂದ ಎತ್ತಿಕೊಂಡರೆ ಕಣ್ಣು ತಕ್ಷಣ ಹಿಡಿಯುತ್ತದೆ. ಫೋನ್ ಹಿಡಿಯಲು ಹೆಬ್ಬೆರಳು, ಕಿರುಬೆರಳು ಚಾಚುವ ಚಾಳಿ ಬಿಡಿಸಿ. ನಿಜವಾದ ಫೋನನ್ನು ಹತ್ತು ಸಲ ಹಿಡಿದು, ಆಮೇಲೆ ಅದನ್ನು ತೆಗೆದು, ಬೆರಳುಗಳು ಇದ್ದಲ್ಲೇ ಇರಲಿ. ಎರಡು ಪಾತ್ರ ಮಾತಾಡುವಾಗ ನೋಟದ ಜಾಗಗಳು ಬೇರೆ. ರಂಗಭೂಮಿಯಲ್ಲಿ ಎದುರಿನವರ ಕಡೆ ಪೂರ್ತಿ ತಿರುಗುತ್ತೇವೆ. ಡಿಐಯಲ್ಲಿ ಹಾಗೆ ತಿರುಗಿದರೆ ಜಡ್ಜ್‌ಗೆ ಕಿವಿ ಮಾತ್ರ ಕಾಣುತ್ತದೆ. ಎದುರಿನ ಗೋಡೆಯ ಮೇಲೆ, ನಡುವಿನಿಂದ ಸ್ವಲ್ಪ ಎಡಕ್ಕೆ ಒಂದು, ಸ್ವಲ್ಪ ಬಲಕ್ಕೆ ಒಂದು ಬಿಂದು ಗೊತ್ತು ಮಾಡಿಕೊಳ್ಳಬೇಕು. ಮಗಳಾದಾಗ ಎಡ ಬಿಂದುವಿಗೆ, ಹಾಸಿಗೆಯಲ್ಲಿರುವ ತಾಯಿಯ ಮುಖ ಇರುವಷ್ಟು ಕೆಳಗೆ. ತಾಯಿಯಾದಾಗ ಬಲ ಬಿಂದುವಿಗೆ, ನಿಂತ ಮಗಳ ಮುಖದಷ್ಟು ಮೇಲಕ್ಕೆ. ಒಬ್ಬರಿಂದ ಇನ್ನೊಬ್ಬರಿಗೆ ಹಾರುವುದಕ್ಕೆ ಮಕ್ಕಳು ‘ಪಾಪ್’ ಅನ್ನುತ್ತಾರೆ. ಒಳ್ಳೆಯ ಪಾಪ್‌ನಲ್ಲಿ ಮೊದಲು ಬದಲಾಗುವುದು ಬೆನ್ನು ಮತ್ತು ಉಸಿರು, ಆಮೇಲೆ ಮಾತು. ದನಿಯನ್ನು ಮಾತ್ರ ತೆಳ್ಳಗೆ ಮಾಡಿ ತಾಯಿ, ದಪ್ಪ ಮಾಡಿ ಡಾಕ್ಟರ್ ಎನ್ನುವುದು ಮಿಮಿಕ್ರಿಯ ದಾರಿ. ಇಂಟ್ರೊ ಬಿಟ್ಟರೆ ಬೇರೆಲ್ಲೂ ಜಡ್ಜ್ ಕಣ್ಣಿಗೆ ಕಣ್ಣು ಸೇರಿಸಬಾರದು. ಸೇರಿಸಿದರೆ ಅವರು ತಾಯಿಯ ಹಾಸಿಗೆಯಲ್ಲಿ ಮಲಗಿದಂತಾಗಿ ಮುಜುಗರಪಡುತ್ತಾರೆ.

ಈಗ ನಿಮ್ಮ ಗೆಳತಿಯರ ಮೂರು ಮಾತು. ಅಳಲೇಬೇಕು ಎನ್ನುವುದು ಸುಳ್ಳು. ಅಳುವ ಮಗುವಿಗೇ ಹಾಲು ಎಂಬ ಗಾದೆ ಈ ಕೋಣೆಯಲ್ಲಿ ನಡೆಯುವುದಿಲ್ಲ. ನಿಜವಾದ ಅಳು ಬಂದಾಗ ಗಂಟಲು ಬಿಗಿಯುತ್ತದೆ, ಮೂಗು ಕಟ್ಟುತ್ತದೆ, ಪದದ ಕೊನೆಯ ವ್ಯಂಜನಗಳು ನುಂಗಿಹೋಗುತ್ತವೆ. ಕೇಳುವವರ ಗಮನ ಪಾತ್ರವನ್ನು ಬಿಟ್ಟು ‘ಈ ಮಗುವಿಗೆ ಏನಾಯ್ತು’ ಎಂಬ ಕಡೆ ಹೊರಳುತ್ತದೆ. ಎರಡನೇ ನಿಮಿಷಕ್ಕೆ ಅತ್ತುಬಿಟ್ಟರೆ ಎಂಟನೇ ನಿಮಿಷಕ್ಕೆ ಏರಲು ಮೆಟ್ಟಿಲು ಉಳಿದಿರುವುದಿಲ್ಲ. ಕೋಚ್‌ಗಳು ಬ್ಯಾಲಟ್‌ನಲ್ಲಿ (ಜಡ್ಜ್ ರ್ಯಾಂಕ್, ಟಿಪ್ಪಣಿ ಬರೆಯುವ ಹಾಳೆ) ‘ಲೆವೆಲ್ಸ್ (ಏರಿಳಿತ) ಇಲ್ಲ’ ಎಂದು ಬರೆಯುವುದು ಇದಕ್ಕೇ. ಅಳು ತಡೆಯಲು ಒದ್ದಾಡುವವರನ್ನು ನೋಡುವುದು ಅಳುವವರನ್ನು ನೋಡುವುದಕ್ಕಿಂತ ಕಷ್ಟ, ಮತ್ತು ಆ ಕಷ್ಟಕ್ಕೆ ಜಡ್ಜ್ ರ್ಯಾಂಕ್ ಕೊಡುತ್ತಾರೆ.

ಭೀಕರ ಕಥೆ ಬೇಕು ಎನ್ನುವುದು ಅರ್ಧ ನಿಜ. ಡಿಐ ಫೈನಲ್‌ಗಳಲ್ಲಿ ಸಾವು, ಹಿಂಸೆ, ಕಾಯಿಲೆ ಧಾರಾಳವಾಗಿ ಕಾಣುತ್ತವೆ, ಅಲ್ಲಗಳೆಯುವುದಿಲ್ಲ. ಪಣ ದೊಡ್ಡದಿದ್ದರೆ ನಾಟಕ ಕಟ್ಟುವುದು ಸುಲಭ ಎನ್ನುವುದು ಕಾರಣ. ಆದರೆ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನದೊಳಗೆ ಅಂಥ ಹದಿನೆಂಟು ಕಥೆ ಕೇಳಿದ ಜಡ್ಜ್ ಸ್ಥಿತಿ ಯೋಚಿಸಿ. ಆರರಲ್ಲಿ ಐವರು ಆಕ್ರಂದಿಸಿದ ಕೋಣೆಯಲ್ಲಿ, ಮೊದಲ ಮೂರು ನಿಮಿಷ ನಗಿಸಿ ಆಮೇಲೆ ಮೆಲ್ಲಗೆ ಕೈಬಿಟ್ಟವಳು ನೆನಪಿನಲ್ಲಿ ಉಳಿಯುತ್ತಾಳೆ. ಭೀಕರ ವಸ್ತುವಿಗೆ ಅಪಾಯಗಳೂ ಇವೆ. ಕೋಣೆಯಲ್ಲಿ ಅದೇ ನೋವು ಕಂಡ ಇನ್ನೊಂದು ಮಗು ಕೂತಿರಬಹುದು. ಇಡೀ ವರ್ಷ ಪ್ರತಿ ಶನಿವಾರ ಮೂರು ನಾಲ್ಕು ಸಲ ಅತ್ಯಾಚಾರಕ್ಕೊಳಗಾದವಳ ಪಾತ್ರ ಮಾಡುವ ಹದಿನೈದರ ಹುಡುಗಿಗೆ ಅದು ಬರೀ ಸ್ಕ್ರಿಪ್ಟ್ ಆಗಿ ಉಳಿಯುವುದಿಲ್ಲ. ಮನೆಯಲ್ಲಿ ನಿಜವಾಗಿ ಯಾರಿಗಾದರೂ ಕಾಯಿಲೆ ಇದ್ದಾಗ ಕಾಯಿಲೆಯ ಪೀಸ್ ಬೇಡ ಎಂದು ಯಾವ ಒಳ್ಳೆಯ ಕೋಚ್ ಆದರೂ ಹೇಳುತ್ತಾರೆ.

ಬಣ್ಣ, ಹೆಸರಿನ ಮಾತನ್ನು ತಳ್ಳಿಹಾಕುವುದೂ ತಪ್ಪು, ಎಲ್ಲದಕ್ಕೂ ಅದನ್ನೇ ಕಾರಣ ಮಾಡುವುದೂ ತಪ್ಪು. ಪೂರ್ವಗ್ರಹ ಇರುವ ಜಡ್ಜ್‌ಗಳು ಇದ್ದಾರೆ. ಅದಕ್ಕಾಗಿಯೇ ಜಡ್ಜ್‌ಗಳ ತರಬೇತಿಯಲ್ಲಿ ಮೈಬಣ್ಣ, ಉಡುಪು, ಉಚ್ಚಾರದ ಧಾಟಿಯ ಬಗ್ಗೆ ಬರೆಯಬೇಡಿ ಎಂದು ಒತ್ತಿ ಹೇಳುವುದು. ಒಂದು 5 ಇಟ್ಟುಕೊಂಡು ಏನೂ ತೀರ್ಮಾನಿಸಲಾಗುವುದಿಲ್ಲ. ಹತ್ತು ಹದಿನೈದು ಬ್ಯಾಲಟ್ ಕೂಡಿಹಾಕಿ, ಟಿಪ್ಪಣಿಗಳನ್ನು ಒಂದೇ ಹಾಳೆಯ ಮೇಲೆ ಬರೆದು ನೋಡಿ. ‘ಜೋರು’ ಎಂಬುದು ಮೂರು ಜನರ ಬಾಯಲ್ಲಿ ಬಂದಿದ್ದರೆ ಅದು ಅಭಿನಯದ ವಿಷಯ. ಯಾರಾದರೂ ಧಾಟಿ, ಹೆಸರಿನ ಬಗ್ಗೆ ಬರೆದಿದ್ದರೆ ಆ ಬ್ಯಾಲಟನ್ನು ಕೋಚ್ ಮೂಲಕ ಟ್ಯಾಬ್ ರೂಮಿಗೆ ಕಳುಹಿಸಿ. ಆ ದಿನದ ರ್ಯಾಂಕ್ ಸಾಮಾನ್ಯವಾಗಿ ಬದಲಾಗುವುದಿಲ್ಲ, ಆ ಜಡ್ಜ್ ಮುಂದಿನ ಸಲ ಬರುತ್ತಾರೋ ಇಲ್ಲವೋ ಎನ್ನುವುದು ಬದಲಾಗಬಹುದು. ತಾಯಿಯಾಗಿ ನೀವು ನೇರ ಆ ಜಡ್ಜ್ ಹತ್ತಿರ ಹೋಗಬೇಡಿ, ಅದು ಮಗಳ ತಂಡಕ್ಕೇ ಮುಳುವಾಗುತ್ತದೆ.

ಪೀಸ್ ಬದಲಾಯಿಸಬೇಕೇ? ಸೀಸನ್ ನಡುವೆ ಬದಲಾಯಿಸಿದರೆ ಹೊಸ ಕಟಿಂಗ್, ಬಾಯಿಪಾಠ, ಬ್ಲಾಕಿಂಗ್ (ಎಲ್ಲಿ ನಿಲ್ಲಬೇಕು, ಹೇಗೆ ಚಲಿಸಬೇಕು ಎನ್ನುವುದು) ಸೇರಿ ಕಡಿಮೆಯೆಂದರೆ ಮೂರ್ನಾಲ್ಕು ವಾರ, ಆಮೇಲೆ ಎರಡು ಟೂರ್ನಮೆಂಟ್ ತಡವರಿಕೆ. ಒಂದು 1 ಮತ್ತು ಒಂದು 2 ಬಂದಿರುವ ಪೀಸ್‌ಗೆ ಆ ಬೆಲೆ ತೆರುವುದು ದುಬಾರಿ. ನಾನಾದರೆ ಇದನ್ನೇ ಇಟ್ಟುಕೊಂಡು ಮೂರು ಕೆಲಸ ಮಾಡಿಸುತ್ತೇನೆ: ಮೊದಲರ್ಧದ ಅಳುವನ್ನೆಲ್ಲ ತೆಗೆಸುವುದು, ತಾಯಿ ಆರೋಗ್ಯವಾಗಿದ್ದಾಗಿನ ಒಂದು ನಿಮಿಷವನ್ನು ಕೃತಿಯಿಂದ ಮತ್ತೆ ಸೇರಿಸುವುದು, ತುದಿಯ ದೃಶ್ಯವನ್ನು ಒಂದು ವಾರ ಪೂರ್ತಿ ಪಿಸುಮಾತಿನಲ್ಲಿ ತಾಲೀಮು ಮಾಡಿಸಿ ಆಮೇಲೆ ಬೇಕಾದ ಒಂದೇ ಸಾಲಿಗೆ ದನಿ ಬಿಡಿಸುವುದು.

ನಿಮ್ಮದೇ ಅನುವಾದ ಬೇಡ. ಡಿಐಗೆ ಪ್ರಕಟವಾದ ಕೃತಿಯೇ ಬೇಕು, ಯಾರಾದರೂ ಆಕ್ಷೇಪ ಎತ್ತಿದರೆ ಮೂಲ ತೋರಿಸಬೇಕು. ಕಥೆಯೊಳಗೆ ಲೇಖಕರಲ್ಲದವರ ಮಾತು ಸೇರಿಸಲು ಇಂಟ್ರೊ ಮತ್ತು ಕೊಂಡಿಯ ಮಾತು ಬಿಟ್ಟರೆ ಅವಕಾಶವಿಲ್ಲ. ಕನ್ನಡ ಕಥೆಯ ಪ್ರಕಟಿತ ಇಂಗ್ಲಿಷ್ ಅನುವಾದ ಸಿಕ್ಕರೆ ಸಂತೋಷ, ಕೋಚ್‌ಗೆ ಪುಸ್ತಕ ತೋರಿಸಿ ಒಪ್ಪಿಗೆ ಪಡೆಯಿರಿ. ಆದರೆ ಒಂದು ಹಳ್ಳ ನೋಡಿಕೊಂಡು ದಾಟಿ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಭಾರತದ ಅಜ್ಜಿಯ ಪಾತ್ರ ಮಾಡುವಾಗ ಟಿವಿಯಲ್ಲಿ ಕೇಳಿದ ಅಣಕು ಧಾಟಿ ಹಿಡಿಯುತ್ತಾರೆ, ತಲೆ ಅಲ್ಲಾಡಿಸುತ್ತಾರೆ. ಅಜ್ಜಿ ಅಷ್ಟರಲ್ಲಿ ಕಾರ್ಟೂನ್ ಆಗಿರುತ್ತಾಳೆ. ಧಾಟಿ ಬಿಟ್ಟುಬಿಡಿ. ಅಜ್ಜಿ ಎಲ್ಲಿ ಉಸಿರು ತಗೊಳ್ಳುತ್ತಾಳೆ, ಉತ್ತರ ಕೊಡುವ ಮುಂಚೆ ಸೆರಗನ್ನು ಏನು ಮಾಡುತ್ತಾಳೆ, ಯಾವ ಪದ ಹೇಳದೆ ‘ಅದು’ ಎಂದು ಬಿಟ್ಟುಬಿಡುತ್ತಾಳೆ ಎನ್ನುವುದನ್ನು ಮಗಳು ನಿಮ್ಮ ಅಮ್ಮನ ಜೊತೆ ವೀಡಿಯೊ ಕಾಲ್‌ನಲ್ಲಿ ನೋಡಿ ಕಲಿಯಲಿ.

ಖಾಸಗಿ ಕೋಚ್ ಬಗ್ಗೆ ಚುಟುಕಾಗಿ: ಶಾಲೆಯ ಕೋಚ್ ಒಪ್ಪಿದರೆ ಮಾತ್ರ, ಮತ್ತು ಕಟಿಂಗ್‌ಗೆ ಒಂದೆರಡು ಸಲ ಮಾತ್ರ. ವಾರವಾರ ಹೋದರೆ ಹುಡುಗಿಯ ಕೈಯಲ್ಲಿ ಕೋಚ್‌ನ ಕೈ ಕಾಣತೊಡಗುತ್ತದೆ. ಒಂದೇ ಕಡೆ ಕಲಿತ ಮೂವರು ಒಂದೇ ಕೋಣೆಗೆ ಬಂದು, ಒಂದೇ ಜಾಗದಲ್ಲಿ ಮೊಣಕಾಲೂರುವುದನ್ನು ಯಾವ ಅನುಭವಿ ಜಡ್ಜ್ ಆದರೂ ಗುರುತಿಸುತ್ತಾರೆ.

ಈಗ 3, 4, 3. ಮೂರು ಜನ ಬೇರೆ ಬೇರೆ ಜಡ್ಜ್‌ಗಳು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಲ್ಲಿಸಿದ್ದಾರೆ ಎಂದರೆ ಅದು ಅದೃಷ್ಟದ ಆಟ ಅಲ್ಲ. ತಪ್ಪಿಲ್ಲ, ತೊದಲಿಲ್ಲ, ಸಂಜೆಗೆ ಯಾರಿಗೂ ನೆನಪಿಲ್ಲ. ಒರೇಟರಿ ಹುಡುಗಿಯೇ ಬರೆದು ಬಾಯಿಪಾಠ ಮಾಡಿದ ಹತ್ತು ನಿಮಿಷದ ಭಾಷಣ. ಬೇರೆಯವರ ನೇರ ಮಾತು 150 ಪದ ಮೀರಬಾರದು. ಹೆಚ್ಚಿನ ಮಕ್ಕಳು ಒಂದು ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ: ಒಂದು ತಮಾಷೆ, ಸಮಸ್ಯೆ, ಕಾರಣ, ಪರಿಹಾರ, ಮತ್ತೆ ಅದೇ ತಮಾಷೆಗೆ ವಾಪಸ್. ಅಚ್ಚಿನಲ್ಲಿ ದೋಷವಿಲ್ಲ. ‘ನಾವೆಲ್ಲ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳಬೇಕು’ ಎಂಬಂಥ, ಕೋಣೆಯಲ್ಲಿ ಒಬ್ಬರೂ ಬೇಡ ಅನ್ನದ ಮಾತನ್ನು ಅದಕ್ಕೆ ಹೊಯ್ಯುವುದರಲ್ಲಿ ದೋಷ. ಮಗಳ ಭಾಷಣದ ಮುಖ್ಯ ವಾಕ್ಯವನ್ನು ಒಂದು ಚೀಟಿಯಲ್ಲಿ ಬರೆಸಿ. ಅದನ್ನು ಓದಿ ‘ಹೌದಾ? ನನಗೆ ಹಾಗನ್ನಿಸಲ್ಲ’ ಎನ್ನಬಲ್ಲ ಒಬ್ಬ ಸಮಂಜಸ ಮನುಷ್ಯ ಇಲ್ಲದಿದ್ದರೆ ಆ ವಾಕ್ಯ ಎಸೆಯಿರಿ. ‘ಕೇಳಿಸಿಕೊಳ್ಳಬೇಕು’ ಎಂಬುದು ‘ನನ್ನ ತಲೆಮಾರು ಕ್ಷಮೆ ಕೇಳುವುದನ್ನು ಮಾತು ಮುಗಿಸುವ ಉಪಾಯ ಮಾಡಿಕೊಂಡಿದೆ’ ಎಂದಾದರೆ ಕೋಣೆ ತಲೆ ಎತ್ತುತ್ತದೆ. ಇಲ್ಲಿ ಅಪಾಯವೂ ಇದೆ: ಇಂಥ ಭಾಷಣಕ್ಕೆ 1 ಬರುವಂತೆ 6ಕ್ಕೂ ಬಾಗಿಲು ತೆರೆಯುತ್ತದೆ. ಆ 1.7 ಮತ್ತು 1.17ರ ಲೆಕ್ಕ ನೆನಪಿಸಿಕೊಳ್ಳಿ.

ಅವಳು ಎರಡು ಸ್ಪರ್ಧೆಯಲ್ಲಿ ಇರುವುದರಿಂದ ಇನ್ನೊಂದು ಅನುಮಾನ. ಒಂದು ಕೋಣೆಯಲ್ಲಿ ಮಾಡಿ ಇನ್ನೊಂದಕ್ಕೆ ಓಡುವ ಮಕ್ಕಳ ಉಸಿರು ಮೊದಲ ನಿಮಿಷ ಗಂಟಲಲ್ಲೇ ಇರುತ್ತದೆ, ದನಿ ತಾನಾಗಿ ಏರುತ್ತದೆ. ಆ 5 ಬಂದ ಸುತ್ತಿನಲ್ಲಿ ಡಿಐ ಮೊದಲಿತ್ತೋ ಆಮೇಲೋ, ಕೇಳಿ.

ಕೊನೆಗೆ ನಿಮ್ಮ ಜಡ್ಜ್ ಕೆಲಸ. ಸಾಮಾನ್ಯವಾಗಿ ಐದಾರು ಮಕ್ಕಳಿಗೆ ಒಬ್ಬರಂತೆ ಶಾಲೆ ಜಡ್ಜ್ ಕೊಡಬೇಕು, ಹಾಗಾಗಿ ತಂದೆತಾಯಂದಿರಿಗೇ ಕರೆ ಬರುತ್ತದೆ. ನಿಮಗೆ ಅರ್ಹತೆ ಇಲ್ಲ ಅಂದುಕೊಳ್ಳಬೇಡಿ. ಹಳೆಯ ಸ್ಪರ್ಧಿಗಳು ಪಾಪ್, ಬ್ಲಾಕಿಂಗ್ ನೋಡುತ್ತಾರೆ, ಕೋಚ್‌ಗಳು ಕಟಿಂಗ್ ನೋಡುತ್ತಾರೆ, ಕಥೆ ದಾಟಿತೋ ಇಲ್ಲವೋ ಎಂದು ಚೆನ್ನಾಗಿ ಹೇಳುವವರು ನಿಮ್ಮಂಥವರೇ. ನಿಮ್ಮ ಶಾಲೆಯ ಮಕ್ಕಳ ಕೋಣೆಗೆ ನಿಮ್ಮನ್ನು ಹಾಕುವುದಿಲ್ಲ. ಬೇರೆ ಶಾಲೆಯಲ್ಲಿ ನೆಂಟರ, ಸ್ನೇಹಿತರ ಮಕ್ಕಳಿದ್ದರೆ ಮೊದಲೇ ಹೇಳಿಬಿಡಿ. ಕೈಯಲ್ಲಿ ಸ್ಟಾಪ್‌ವಾಚ್ ಇರಲಿ, ಫೋನ್ ಬೇರೆ ಯಾವುದಕ್ಕೂ ಬೇಡ. ಪ್ರತಿ ಮಗುವಿನ ಸಮಯ ಬರೆದುಕೊಳ್ಳಿ, ಹೆಚ್ಚಾಯಿತೆಂದು ನಡುವೆ ನಿಲ್ಲಿಸಬೇಡಿ. ಎರಡು ಸ್ಪರ್ಧೆಯ ಮಗು ತಡವಾಗಿ ಬಂದರೆ, ಮೊದಲು ಮಾಡಿ ಓಡಿಹೋದರೆ ಅದನ್ನು ಅಶಿಸ್ತು ಎಂದು ಎಣಿಸಬೇಡಿ. ಒಬ್ಬರು ಮುಗಿಸಿದ ತಕ್ಷಣ ಆ ಕ್ಷಣಕ್ಕೆ ತಾತ್ಕಾಲಿಕ ಸ್ಥಾನ ಬರೆದುಕೊಳ್ಳಿ, ಮುಂದಿನವರು ಬಂದ ಹಾಗೆ ಹೊಂದಿಸಿ. ಕೊನೆಗೆ ಒಟ್ಟಿಗೆ ಯೋಚಿಸಿದರೆ ಕೊನೆಯಲ್ಲಿ ಬಂದವರೇ ಕಣ್ಣಲ್ಲಿ ನಿಲ್ಲುತ್ತಾರೆ. ಫಲಿತಾಂಶವನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳಬೇಡಿ, ಚಪ್ಪಾಳೆ ಮಾತ್ರ ಎಲ್ಲರಿಗೂ ಹೊಡೆಯಿರಿ.

ಬ್ಯಾಲಟ್‌ನಲ್ಲಿ ‘ಗುಡ್ ಜಾಬ್’ ಬರೆದು ಬಿಡಬೇಡಿ. 5 ಕೊಟ್ಟ ಮಗುವಿಗೆ 1 ಕೊಟ್ಟವರಿಗಿಂತ ಎರಡು ಸಾಲು ಹೆಚ್ಚು ಬರೆಯಿರಿ, ಮತ್ತು ಜಾಗ ಹೆಸರಿಸಿ ಬರೆಯಿರಿ: ‘ಬ್ಯಾಗಿನ ಜಿಪ್ ಎಳೆಯುವಾಗ ನಿನ್ನ ಕೈ ನಿಂತಿತಲ್ಲ, ಅಲ್ಲಿ ನಾನು ನಂಬಿದೆ. ಡಾಕ್ಟರ್ ಬಂದ ಮೇಲೆ ನೀನು ಯಾರ ಕಡೆ ನೋಡುತ್ತಿದ್ದೆ ಎಂದು ಗೊತ್ತಾಗಲಿಲ್ಲ, ಅಲ್ಲಿಂದ ಕಥೆ ಕೈಬಿಟ್ಟಿತು.’